ಮಳೆಯ ಅಂಕಿಗಳನ್ನು ಪ್ರೋಗ್ರಾಮಿನಿಂದಲೇ ಗ್ರಾಫ್ ಮಾಡಲು ಯಾವ ಉಚಿತ ಲೈಬ್ರರಿ ಒಳ್ಳೆಯದು? – ಅನುಭವ ಹಂಚಿಕೆ

ಕೋರಿಕೆ: ಸಂಶೋಧನಾ ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಆಗುಂಬೆ, ತೀರ್ಥಹಳ್ಳಿ ಮತ್ತು ಶಿವಮೊಗ್ಗದ 30 ವರ್ಷಗಳ ದಿನವಾರು ಮಳೆಯ ಅಂಕಿಗಳೂ ಒಂದು ಹೊಳೆಯ ಹರಿವಿನ ಅಂಕಿಗಳೂ ನನ್ನ ಬಳಿ ಇವೆ. ಲೆಕ್ಕವನ್ನು ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಂ ಒಂದು ಮಾಡುತ್ತದೆ, ಆದರೆ ಅದು ಕೊಡುವ ಫಲಿತಾಂಶವನ್ನು ಪ್ರತಿ ಸಲವೂ ಸ್ಪ್ರೆಡ್‌ಶೀಟಿನಲ್ಲಿ ತೆರೆದು ಕೈಯಿಂದಲೇ ಗ್ರಾಫ್ ಮಾಡಬೇಕಾಗಿದೆ. ಒಂದು ಅಂಕಿ ತಿದ್ದಿದರೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಪ್ರೋಗ್ರಾಮಿನಿಂದಲೇ ಗ್ರಾಫ್ ಬರುವಂತೆ ಮಾಡುವ ಉಚಿತ ಲೈಬ್ರರಿಗಳಲ್ಲಿ (ನಮ್ಮ ಪ್ರೋಗ್ರಾಮಿನಿಂದ ಕರೆದು ಬಳಸುವ ಸಿದ್ಧ ಸಂಕೇತಗಳ ಕಟ್ಟುಗಳಲ್ಲಿ) ಯಾವುದನ್ನು ಕಲಿಯಲಿ? ನನ್ನ ಲ್ಯಾಪ್‌ಟಾಪ್ ಹಳೆಯದು, ಮಳೆಗಾಲದಲ್ಲಿ ಕರೆಂಟ್ ಹೋದರೆ ಇಂಟರ್ನೆಟ್ಟೂ ಹೋಗುತ್ತದೆ. ಪ್ರಬಂಧ ಕಪ್ಪುಬಿಳುಪಿನಲ್ಲಿ ಮುದ್ರಣವಾಗುತ್ತದೆ. ಅದಲ್ಲದೆ, ಊರಿನ ಅಡಿಕೆ ಬೆಳೆಗಾರರ ಮುಂದೆ ಇವೇ ಗ್ರಾಫ್‌ಗಳನ್ನು ಕನ್ನಡದಲ್ಲಿ ತೋರಿಸಬೇಕೆಂಬ ಆಸೆಯೂ ಇದೆ.

ಸಾಗರದಿಂದ, ನಿವೃತ್ತ ಇಂಜಿನಿಯರ್

ಪ್ರೋಗ್ರಾಂ ಫೋರ್ಟ್ರಾನಿನಲ್ಲಿದೆ ಎಂದಮಾತ್ರಕ್ಕೆ ಗ್ರಾಫ್ ಬಿಡಿಸುವ ಲೈಬ್ರರಿಯೂ ಫೋರ್ಟ್ರಾನಿನದೇ ಆಗಬೇಕೆಂದಿಲ್ಲ ಎಂಬುದು ನನ್ನ ಮೊದಲ ಮಾತು. ನಮ್ಮ ಕಾಲದಲ್ಲಿ ಪಿಜಿಪ್ಲಾಟ್ ಎಂಬ ಲೈಬ್ರರಿ ಇತ್ತು. 1983ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಖಗೋಳ ವಿಜ್ಞಾನಿಗಳ ಬಳಕೆಗಾಗಿ ಟಿಮ್ ಪಿಯರ್ಸನ್ ಅದನ್ನು ಆರಂಭಿಸಿದರು. ಅದು ವಾಣಿಜ್ಯೇತರ ಬಳಕೆಗೆ ಮಾತ್ರ ಉಚಿತ, ಈಗ ಹೊಸದಾಗಿ ಕಲಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಫೋರ್ಟ್ರಾನಿನಿಂದ ನೇರವಾಗಿ ಕರೆಯುವ ಲೈಬ್ರರಿಯೇ ಬೇಕೆಂದಾದರೆ ಪಿಎಲ್‌ಪ್ಲಾಟ್ ಇದೆ. ಸಿ, ಫೋರ್ಟ್ರಾನ್, ಪೈಥಾನ್ ಮೂರೂ ಭಾಷೆಗಳಿಂದ ಅದನ್ನು ಬಳಸಬಹುದು, ಪರವಾನಗಿಯೂ ನಿಜಕ್ಕೂ ಮುಕ್ತವಾದದ್ದು. ಡಿಸ್ಲಿನ್ ಎಂಬ ಇನ್ನೊಂದು ಲೈಬ್ರರಿ ಹಣ ಕೇಳುವುದಿಲ್ಲವಾದರೂ ಅದರ ಮೂಲ ಸಂಕೇತ ಮುಕ್ತವಲ್ಲ.

ನಿಮ್ಮ ಪರಿಸ್ಥಿತಿಗೆ ನಾನು ಸೂಚಿಸುವುದು ಗ್ನೂಪ್ಲಾಟ್. ಲೈಬ್ರರಿ ಎನ್ನುವುದಕ್ಕಿಂತ ಅದನ್ನು ಪ್ರತ್ಯೇಕ ತಂತ್ರಾಂಶ ಎನ್ನುವುದೇ ಸರಿ. ಪ್ರೋಗ್ರಾಂ ಅಂಕಿಗಳನ್ನು ಸಾದಾ ಪಠ್ಯ ಕಡತದಲ್ಲಿ ಬರೆದಿಟ್ಟು, ಕೊನೆಯಲ್ಲಿ ಗ್ನೂಪ್ಲಾಟನ್ನು ಎಬ್ಬಿಸಿ ಆದೇಶಗಳ ಕಡತವನ್ನು ಕೈಗೆ ಕೊಟ್ಟರೆ ಗ್ರಾಫ್ ಸಿದ್ಧವಾಗುತ್ತದೆ; ಫೋರ್ಟ್ರಾನ್ 2008ರಿಂದ ಹೊರಗಿನ ಆದೇಶವನ್ನು ನಡೆಸುವ ಸೌಲಭ್ಯ ಭಾಷೆಯಲ್ಲೇ ಇದೆ. 1986ರಲ್ಲಿ ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಬರೆದ ಈ ತಂತ್ರಾಂಶಕ್ಕೂ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗೂ ಹೆಸರಿನ ಹೋಲಿಕೆಯ ಹೊರತು ಸಂಬಂಧವಿಲ್ಲ. ಹಳೆಯ ಯಂತ್ರದಲ್ಲೂ ಅದು ಚುರುಕಾಗಿ ಓಡುತ್ತದೆ, ಒಮ್ಮೆ ಹಾಕಿಕೊಂಡರೆ ಮತ್ತೆ ಇಂಟರ್ನೆಟ್ ಕೇಳುವುದಿಲ್ಲ, 30 ವರ್ಷಗಳ ದಿನವಾರು ಅಂಕಿಗಳು ಅದಕ್ಕೆ ಯಾವ ಲೆಕ್ಕವೂ ಅಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಳೆಯ ಪ್ರೋಗ್ರಾಂಗಳು ಅಳತೆ ಸಿಗದ ದಿನಕ್ಕೆ ‘-99.9’ ಎಂದು ಬರೆಯುವ ರೂಢಿಯಿದೆ. ಅದು ಅಳತೆಯಿಲ್ಲದ ದಿನದ ಗುರುತು ಎಂದು ಗ್ನೂಪ್ಲಾಟಿಗೆ ಮೊದಲೇ ತಿಳಿಸದಿದ್ದರೆ ಗೆರೆ ಸೊನ್ನೆಯ ಕೆಳಗೆ ಧುಮುಕುತ್ತದೆ. ಅದನ್ನು ಸೊನ್ನೆ ಮಾಡಿಬಿಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಮಳೆ ಬಾರದ ದಿನವೂ ಮಾಪಕ ಓದದ ದಿನವೂ ಒಂದೇ ಆಗಿ ಕಾಣುತ್ತವೆ. ಅಳತೆ ಇಲ್ಲದ ಕಡೆ ಗೆರೆ ತುಂಡಾಗಿಯೇ ಕಾಣಬೇಕು.

ಶಿವಮೊಗ್ಗದಿಂದ, ಕಾಲೇಜು ಉಪನ್ಯಾಸಕಿ

ಸಾಗರದ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ನೀವು ಮುಂದೆಯೂ ಸಂಶೋಧನೆಯಲ್ಲಿ ಇರುವವರಾದ್ದರಿಂದ ಪೈಥಾನ್ ಭಾಷೆಯನ್ನೂ ಅದರ ಗ್ರಾಫ್ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್ಬನ್ನೂ ಕಲಿತರೆ ಹಾಕಿದ ಶ್ರಮ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಜಾನ್ ಹಂಟರ್ ಎಂಬ ನರವಿಜ್ಞಾನಿ ಅಪಸ್ಮಾರ ರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಇದನ್ನು ಬರೆದು 2003ರಲ್ಲಿ ಹೊರತಂದರು. ಅವರು 2012ರಲ್ಲಿ ತೀರಿಕೊಂಡ ಮೇಲೂ ಬಳಕೆದಾರರ ಸಮುದಾಯವೇ ಅದನ್ನು ನಡೆಸಿಕೊಂಡು ಬಂದಿದೆ. ಮ್ಯಾಟ್‌ಲ್ಯಾಬ್ ಎಂಬ ಗಣಿತ ತಂತ್ರಾಂಶ ಬಳಸಿದವರಿಗೆ ಅದರ ಆದೇಶಗಳು ಪರಿಚಿತವೆನಿಸುತ್ತವೆ. ಹುಡುಕಿದರೆ ಸಿಗುವ ಉದಾಹರಣೆಗಳಲ್ಲಿ ಎರಡು ಶೈಲಿಗಳು ಬೆರೆತಿರುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ: ಒಂದರಲ್ಲಿ ಎಲ್ಲ ಆದೇಶಗಳೂ ‘ಈಗಿನ ಚಿತ್ರ’ಕ್ಕೆ ಅನ್ವಯಿಸುತ್ತವೆ, ಇನ್ನೊಂದರಲ್ಲಿ ಚಿತ್ರವನ್ನೂ ಅಕ್ಷಗಳನ್ನೂ ಹೆಸರಿಟ್ಟು ಹಿಡಿದುಕೊಂಡು ಆದೇಶ ಕೊಡುತ್ತೇವೆ. ಮೂರು ಕೇಂದ್ರಗಳ ಗ್ರಾಫ್‌ಗಳನ್ನು ಒಂದೇ ಪುಟದಲ್ಲಿ ಜೋಡಿಸುವವರು ಮೊದಲ ದಿನದಿಂದಲೇ ಎರಡನೆಯದನ್ನು ರೂಢಿಸಿಕೊಳ್ಳುವುದು ಲೇಸು.

ನಮ್ಮ ಕಡೆಯ ಮಳೆಯ ಅಂಕಿಗಳಲ್ಲಿ ವಿದ್ಯಾರ್ಥಿಗಳು ಪದೇ ಪದೇ ಎಡವುವುದು ದಿನಾಂಕದಲ್ಲಿ. ನಾವು ದಿನವನ್ನು ಮೊದಲು ಬರೆಯುತ್ತೇವೆ, ಅಂಕಿಪಟ್ಟಿಗಳನ್ನು ಓದುವ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿ ತಿಂಗಳು ಮೊದಲು ಎಂದು ಎಣಿಸುತ್ತದೆ. ಹಾಗಾಗಿ 05-07 ಎಂಬುದು ಜುಲೈ ಐದರ ಬದಲು ಮೇ ಏಳಾಗುತ್ತದೆ, ಜೂನ್ ಒಂದರ ಮಳೆ ಜನವರಿ ಆರಕ್ಕೆ ಹೋಗಿ ಕೂರುತ್ತದೆ. ಹಳೆಯ ಆವೃತ್ತಿಗಳು 13ನೆಯ ತಾರೀಖಿನಿಂದಾಚೆಗೆ ಸದ್ದಿಲ್ಲದೆ ಕ್ರಮ ಬದಲಿಸುತ್ತಿದ್ದುದರಿಂದ ಒಂದೇ ತಿಂಗಳ ಮಳೆ ವರ್ಷವಿಡೀ ಚೆಲ್ಲಿಹೋಗುತ್ತಿತ್ತು, 2.0ರಿಂದೀಚೆಗೆ ದೋಷ ತೋರಿಸಿ ನಿಲ್ಲುತ್ತದೆ. ಆಗುಂಬೆಯಲ್ಲಿ ಜನವರಿ ತಿಂಗಳಲ್ಲಿ ಎತ್ತರದ ಕಂಬಗಳು ಕಂಡರೆ ಹವಾಮಾನವನ್ನು ಸಂಶಯಿಸುವ ಮೊದಲು ದಿನಾಂಕದ ಕ್ರಮವನ್ನು ನೋಡಿ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನದ ಮಳೆಯೆಂದರೆ ಆ ದಿನ ಬೆಳಗಿನ 8:30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ನಿಮ್ಮ ಹೊಳೆಯ ಹರಿವು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಾಕಿದ್ದಾದರೆ ಎರಡನ್ನೂ ಒಂದೇ ಅಕ್ಷದ ಮೇಲೆ ಇಡುವಾಗ ಈ ವ್ಯತ್ಯಾಸ ನೆನಪಿರಲಿ. ಜಲವಿಜ್ಞಾನದವರು ಮಳೆಯ ಕಂಬಗಳನ್ನು ಮೇಲಿನಿಂದ ತಲೆಕೆಳಗಾಗಿ ಇಳಿಬಿಟ್ಟು, ಹರಿವಿನ ಗೆರೆಯನ್ನು ಕೆಳಗೆ ಬಿಡಿಸುತ್ತಾರೆ. ಬಲಗಡೆ ಎರಡನೆಯ ಅಕ್ಷ ತೆಗೆದುಕೊಂಡು ಅದನ್ನು ತಿರುಗಿಸಿದರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದು ಎರಡು ಸಾಲಿನ ಕೆಲಸ, ಮಳೆ ಬಿದ್ದ ಎಷ್ಟು ಹೊತ್ತಿಗೆ ಹೊಳೆ ಏರಿತೆಂಬುದೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಮುದ್ರಣಕ್ಕೆ ಪಿಡಿಎಫ್ ಆಗಿ ಉಳಿಸಿ, ಚಿತ್ರವೇ ಬೇಕೆಂದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಡಿ. ಕಪ್ಪುಬಿಳುಪಿನಲ್ಲಿ ಬಣ್ಣಗಳನ್ನು ನಂಬದೆ ಗೆರೆಗಳನ್ನು ತುಂಡುಗೆರೆ, ಚುಕ್ಕೆಗೆರೆ ಎಂದು ಬೇರ್ಪಡಿಸಿ. ಬಣ್ಣದ ನಕ್ಷೆಗಳಿಗೆ ಮ್ಯಾಟ್‌ಪ್ಲಾಟ್‌ಲಿಬ್ 2.0 ಆವೃತ್ತಿಯಿಂದ ತಾನಾಗಿಯೇ ಬರುವ ವಿರಿಡಿಸ್ ಎಂಬ ಬಣ್ಣಗಳ ಸರಣಿ ಕಪ್ಪುಬಿಳುಪಿನಲ್ಲೂ ಕ್ರಮವಾಗಿ ಕಪ್ಪಿನಿಂದ ಬಿಳಿಗೆ ಹೋಗುತ್ತದೆ. ಅದಕ್ಕೆ ಮೊದಲಿದ್ದ ಜೆಟ್‌ನಲ್ಲಿ ಹಾಗಾಗುತ್ತಿರಲಿಲ್ಲ. ವರ್ಷಕ್ಕೊಂದರಂತೆ 30 ಚಿತ್ರಗಳನ್ನು ಸರಣಿಯಲ್ಲಿ ಮಾಡುವಾಗ ಉಳಿಸಿದ ಕೂಡಲೇ ಪ್ರತಿಯೊಂದನ್ನೂ ಮುಚ್ಚಿ, ಇಲ್ಲವಾದರೆ ಹಳೆಯ ಲ್ಯಾಪ್‌ಟಾಪಿನ ಮೆಮೊರಿ ತುಂಬಿಹೋಗುತ್ತದೆ.

ತೀರ್ಥಹಳ್ಳಿಯಿಂದ, ಸಂಖ್ಯಾಶಾಸ್ತ್ರದವರು

ಲೆಕ್ಕಕ್ಕಿಂತ ಹೋಲಿಕೆಯೇ ಮುಖ್ಯವಾದರೆ ಸಂಖ್ಯಾಶಾಸ್ತ್ರದವರು ಬಳಸುವ ‘ಆರ್’ ಭಾಷೆಯ ಗ್ರಾಫ್ ಲೈಬ್ರರಿ ಜಿಜಿಪ್ಲಾಟ್2 ನೋಡಿ. ಮೂರು ಕೇಂದ್ರಗಳನ್ನು ಮೂರು ಚೌಕಗಳಾಗಿ ಒಡೆಯಲು ಒಂದೇ ಸಾಲು ಸಾಕು. ಎಲ್ಲ ಚೌಕಗಳಿಗೂ ಒಂದೇ ಅಳತೆಯ ಅಕ್ಷವನ್ನು ಅದು ತಾನಾಗಿಯೇ ಇಡುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುವ ಆಗುಂಬೆಯ ಪಕ್ಕದಲ್ಲಿ ಶಿವಮೊಗ್ಗ ನೆಲ ಹಿಡಿದಂತೆ ಕಾಣುತ್ತದೆ, ಮತ್ತು ಪ್ರಮಾಣವನ್ನು ಹೇಳುವ ಗ್ರಾಫಿನಲ್ಲಿ ಹಾಗೆಯೇ ಕಾಣಬೇಕು. ಮಳೆ ಹಿಡಿಯುವ, ಬಿಡುವ ಕಾಲವನ್ನು ತೋರಿಸುವುದಾದರೆ ಮಾತ್ರ ಅಕ್ಷಗಳನ್ನು ಬೇರೆ ಬೇರೆ ಬಿಡಿ. ಇದರ ಪ್ಯಾಕೇಜುಗಳು ಒಂದರ ಹಿಂದೆ ಒಂದು ಇಳಿಯುವುದರಿಂದ ಪೇಟೆಗೆ ಬಂದಾಗ ಒಟ್ಟಿಗೇ ಇಳಿಸಿಕೊಂಡು ಹೋಗುವುದು ಒಳ್ಳೆಯದು.

ಕೊಪ್ಪದಿಂದ, ತಂತ್ರಾಂಶ ಉದ್ಯೋಗಿ ಮತ್ತು ಅಡಿಕೆ ಬೆಳೆಗಾರ

ಕನ್ನಡದ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ, ಲೈಬ್ರರಿಯ ಆಯ್ಕೆಯನ್ನು ನಿಮ್ಮ ಮಟ್ಟಿಗೆ ನಿರ್ಧರಿಸಬೇಕಾದದ್ದು ಇದೇ ಎಂದೂ ನನಗನಿಸುತ್ತದೆ. ನಾವು ಬಳಸುತ್ತಿರುವ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆಯೇ ಹೊರತು ಒತ್ತಕ್ಷರ ಕಟ್ಟುವುದಿಲ್ಲ. ಕನ್ನಡ ಫಾಂಟ್ ಕೊಟ್ಟರೂ ‘ತೀರ್ಥಹಳ್ಳಿ’ ಎಂಬುದು ‘ತೀರ್‌ಥಹಳ್‌ಳಿ’ ಎಂಬಂತೆ ಬಿಡಿಬಿಡಿಯಾಗಿ ಮೂಡುತ್ತದೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಕೊರತೆ ಇರುವುದು ಫಾಂಟಿನಲ್ಲಲ್ಲ.

ದಾರಿಗಳು ಇವೆ. ಗ್ನೂಪ್ಲಾಟಿನಲ್ಲಿ ಪಿಎನ್‌ಜಿ-ಕೈರೊ ಅಥವಾ ಪಿಡಿಎಫ್-ಕೈರೊ ಎಂಬ ಔಟ್‌ಪುಟ್ ವಿಧಾನವನ್ನು ಆರಿಸಿಕೊಂಡರೆ ಪ್ಯಾಂಗೊ ಲೈಬ್ರರಿ ಅಕ್ಷರ ಜೋಡಿಸುವುದರಿಂದ ಒತ್ತಕ್ಷರ, ಅರ್ಕಾವತ್ತು ಎಲ್ಲವೂ ಸರಿಯಾಗಿ ಬರುತ್ತವೆ. ‘ಆರ್’ ಬಳಸುವವರಿಗೆ ರ‍್ಯಾಗ್ ಎಂಬ ಪ್ಯಾಕೇಜು ಇದೇ ಕೆಲಸ ಮಾಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ಬನ್ನೇ ಹಿಡಿದವರು ಎಸ್‌ವಿಜಿ ಎಂಬ ರೇಖಾಚಿತ್ರ ಕಡತವಾಗಿ ಉಳಿಸುವಾಗ ಪಠ್ಯವನ್ನು ಪಠ್ಯವಾಗಿಯೇ ಬಿಡುವ ಆಯ್ಕೆ ಮಾಡಿ, ಆ ಕಡತವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ಪಿಡಿಎಫ್ ಮಾಡಿಕೊಳ್ಳಬಹುದು. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ.

ಬೆಳೆಗಾರರ ಮುಂದಿಡುವ ಗ್ರಾಫಿಗೆ ಅಕ್ಷದ ಮೇಲೆ ತಿಂಗಳಿಗಿಂತ ಮಳೆ ನಕ್ಷತ್ರಗಳ ಹೆಸರೇ ಸೂಕ್ತ. ಜೂನ್ 21–22ರ ಸುಮಾರಿಗೆ ಆರಿದ್ರಾ, ಜುಲೈ 5–6ಕ್ಕೆ ಪುನರ್ವಸು, 19–20ಕ್ಕೆ ಪುಷ್ಯ, ಆಗಸ್ಟ್ 2–3ಕ್ಕೆ ಆಶ್ಲೇಷಾ ಎಂದು ಗುರುತು ಹಾಕಿದರೆ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಬಿಡುವು ಸಿಕ್ಕ ದಿನಗಳನ್ನು ಅವರೇ ಬೆರಳಿಟ್ಟು ತೋರಿಸುತ್ತಾರೆ. ಈ ನಾಲ್ಕು ಹೆಸರುಗಳಲ್ಲಿ ಒತ್ತಕ್ಷರವಿಲ್ಲದ್ದು ಒಂದೂ ಇಲ್ಲ ಎಂಬುದನ್ನು ಗಮನಿಸಿ.

ಪರದೆಯ ಮೇಲೆ ಹಿಗ್ಗಿಸಿ ಕುಗ್ಗಿಸಿ ತೋರಿಸಬೇಕಾದರೆ ಪ್ಲಾಟ್ಲಿ ಅಥವಾ ಬೊಕೆ ಎಂಬ ಪೈಥಾನ್ ಲೈಬ್ರರಿಗಳನ್ನು ನೋಡಿ. ಗ್ರಾಫ್ ಬ್ರೌಸರಿನಲ್ಲಿ ತೆರೆಯುವುದರಿಂದ ಕನ್ನಡವನ್ನು ಬ್ರೌಸರೇ ನೋಡಿಕೊಳ್ಳುತ್ತದೆ. ಪ್ಲಾಟ್ಲಿಯಲ್ಲಿ ಉಳಿಸುವಾಗ ಜಾವಾಸ್ಕ್ರಿಪ್ಟ್ ಭಾಗವನ್ನೂ ಅದೇ ಕಡತದೊಳಗೆ ಸೇರಿಸಿ. ಕಡತ ಕೆಲವು ಎಂಬಿ ದಪ್ಪವಾದರೂ ನೆಟ್‌ವರ್ಕ್ ಇಲ್ಲದ ಸಭೆಯಲ್ಲಿ ತೆರೆದುಕೊಳ್ಳುತ್ತದೆ.

ಕೋರಿಕೆ ಸಲ್ಲಿಸಿದವರಿಂದ

ಎಲ್ಲರಿಗೂ ಧನ್ಯವಾದಗಳು. ಫೋರ್ಟ್ರಾನನ್ನು ಹಾಗೆಯೇ ಬಿಟ್ಟು ಗ್ನೂಪ್ಲಾಟಿನಿಂದ ಆರಂಭಿಸುತ್ತೇನೆ, ಪ್ರಬಂಧ ಮುಗಿದ ಮೇಲೆ ಮ್ಯಾಟ್‌ಪ್ಲಾಟ್‌ಲಿಬ್ ಕಲಿಯುತ್ತೇನೆ. ಕೊಪ್ಪದ ಸರ್ ಅವರಲ್ಲಿ ಒಂದು ಪ್ರಶ್ನೆ: ನಕ್ಷತ್ರದ ದಿನಾಂಕಗಳು ಎಲ್ಲ ವರ್ಷವೂ ಒಂದೇ ಇರುವುದಿಲ್ಲವಲ್ಲ, 30 ವರ್ಷಗಳ ಸರಾಸರಿಗೆ ಏನು ಮಾಡಲಿ?

ಕೊಪ್ಪದಿಂದ

ಅಧಿಕ ವರ್ಷದ ಕಾರಣ ಒಂದು ದಿನ ಆಚೀಚೆ ಆಗುತ್ತದೆ, ಅಷ್ಟೇ. ಸರಾಸರಿ ಗ್ರಾಫಿಗೆ ಒಂದೇ ದಿನಾಂಕ ಇಟ್ಟರೂ ತೊಂದರೆಯಿಲ್ಲ. ಬಿಡಿ ವರ್ಷಗಳ ಗ್ರಾಫಿಗೆ ಪಂಚಾಂಗ ನೋಡಿ ವರ್ಷ, ನಕ್ಷತ್ರ, ದಿನಾಂಕ ಎಂಬ ಮೂರು ಕಂಬಸಾಲುಗಳ ಪ್ರತ್ಯೇಕ ಕಡತವನ್ನು ಮಾಡಿಟ್ಟುಕೊಂಡು, ಗುರುತುಗಳನ್ನು ಅಲ್ಲಿಂದಲೇ ಓದುವಂತೆ ಗ್ನೂಪ್ಲಾಟಿಗೆ ಹೇಳಿ.