ಪದಚರ್ಚೆ: ಬದ್ಧವೈರಿ ಸೋತಾಗಿನ ಖುಷಿಗೆ ಏನನ್ನಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಫುಟ್‌ಬಾಲ್ ಲೇಖನವೊಂದರ ಶೀರ್ಷಿಕೆಗೆ ಪದ ಬೇಕಾಗಿದೆ. 2024ರ ಏಪ್ರಿಲ್ 19ರಂದು ಭುವನೇಶ್ವರದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಪ್ಲೇಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಹೆಚ್ಚುವರಿ ಸಮಯದಲ್ಲಿ ಒಡಿಶಾಕ್ಕೆ 1–2ರಿಂದ ಸೋತಿತು. ಬ್ಲಾಸ್ಟರ್ಸ್ ಜತೆ ಸದಾ ಪೈಪೋಟಿಯಲ್ಲಿರುವ ಬೆಂಗಳೂರು ಎಫ್‌ಸಿ ಆ ಪಂದ್ಯದಲ್ಲಿ ಆಡಿರಲೇ ಇಲ್ಲ. ಆದರೂ ಅದರ ಅಭಿಮಾನಿಗೆ ಇಂಥ ಸುದ್ದಿಯಿಂದ ಒಂದು ಖುಷಿ ಇದ್ದೇ ಇರುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಒಂದೇ ಪದ ಇದೆಯೇ? ಮತ್ತೊಬ್ಬರ ನಷ್ಟಕ್ಕೆ ಪಡುವ ಖುಷಿಗೆ ಜರ್ಮನರು ಹೇಳುವ ‘ಶಾಡನ್‌ಫ್ರಾಯ್ಡ’ದ ಹಾಗೆ. ‘ಎದುರಾಳಿಯ ಸೋಲಿಗೆ ಅಭಿಮಾನಿಗಳ ವಿಕೃತ ಸಂತೋಷ’ ಎಂದು ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ. ‘ವಿಘ್ನಸಂತೋಷ’ ಆಗಬಹುದೇ?

ಉತ್ತರ:

ಮೊದಲು ‘ಎದುರಾಳಿ’ಯನ್ನು ತೆಗೆಯಿರಿ. ಶೀರ್ಷಿಕೆಯ ನಿಜವಾದ ತೊಡಕು ಅಲ್ಲಿದೆ. ಎದುರಾಳಿ ಎಂದರೆ ಆ ಹೊತ್ತಿಗೆ ಎದುರಿಗೆ ನಿಂತು ಆಡುವವನು. ಕೇರಳಕ್ಕೆ ಆ ರಾತ್ರಿ ಎದುರಾಳಿ ಒಡಿಶಾ, ಬೆಂಗಳೂರಲ್ಲ. ‘ಎದುರಾಳಿಯ ಸೋಲಿಗೆ ಬೆಂಗಳೂರು ಅಭಿಮಾನಿಗಳ ಸಂಭ್ರಮ’ ಎಂದು ಓದಿದವರು ಬೆಂಗಳೂರೇ ಗೆದ್ದಿತು ಅಂದುಕೊಳ್ಳುತ್ತಾರೆ. ಇಬ್ಬರ ನಡುವೆ ಪಂದ್ಯ ಇಲ್ಲದ ದಿನವೂ ಉಳಿಯುವ ಹಗೆಗೆ ‘ಬದ್ಧವೈರಿ’ ಸರಿಯಾದ ಪದ. ವೈರಿ ತೀರಾ ಗಟ್ಟಿಯಾಯಿತು ಅನಿಸಿದರೆ ‘ಬದ್ಧ ಎದುರಾಳಿ’ ಎಂದರೂ ನಡೆಯುತ್ತದೆ. ‘ಸಾಂಪ್ರದಾಯಿಕ ಎದುರಾಳಿ’ ಬೇಡ. ಬೆಂಗಳೂರು ತಂಡ ಹುಟ್ಟಿದ್ದೇ 2013ರಲ್ಲಿ, ಬ್ಲಾಸ್ಟರ್ಸ್ 2014ರಲ್ಲಿ. ಇಷ್ಟರಲ್ಲೇ ಸಂಪ್ರದಾಯ ಎಲ್ಲಿಂದ ಬರಬೇಕು?

‘ವಿಕೃತ ಸಂತೋಷ’ ಅಪರಾಧ ಸುದ್ದಿಯ ಪುಟದ್ದು. ನಾಯಿಮರಿಗೆ ಕಲ್ಲು ಹೊಡೆದು ನಗುವವನಿಗೆ ಒಪ್ಪುತ್ತದೆ, ಗ್ಯಾಲರಿಯಲ್ಲಿ ಡೋಲು ಬಡಿಯುವವನಿಗಲ್ಲ. ‘ವಿಘ್ನಸಂತೋಷಿ’ ಒಳ್ಳೆಯ ಪದವೇ, ಆದರೆ ಅದರಲ್ಲಿ ಕಾಲದ ಲೆಕ್ಕವಿದೆ. ವಿಘ್ನ ಅಂದರೆ ನಡೆಯುತ್ತಿರುವ ಕೆಲಸಕ್ಕೆ ಬರುವ ಅಡ್ಡಿ. ಮದುವೆ ಮುರಿದರೆ ಸಾಕು, ಮೆರವಣಿಗೆ ನಿಂತರೆ ಸಾಕು ಎಂದು ಕಾಯುವವನು, ಕೈಲಾದರೆ ತಾನೇ ಕಡ್ಡಿ ಆಡಿಸುವವನು ವಿಘ್ನಸಂತೋಷಿ. ಭುವನೇಶ್ವರದ ಪಂದ್ಯಕ್ಕೆ ಬೆಂಗಳೂರಿನ ಅಭಿಮಾನಿ ಯಾವ ಅಡ್ಡಿಯನ್ನೂ ಮಾಡಲಿಲ್ಲ. ಫಲಿತಾಂಶ ಬಂದ ಮೇಲೆ ನಕ್ಕ, ಅಷ್ಟೆ.

ಒಂದೇ ನಾಮಪದ ಹುಡುಕಿದರೆ ಸಿಗುವುದಿಲ್ಲ. ಕನ್ನಡ ಈ ಭಾವವನ್ನು ಹೊಟ್ಟೆಯಲ್ಲಿಟ್ಟು ಕ್ರಿಯಾಪದದಲ್ಲಿ ಹೇಳುತ್ತದೆ. ಅವರು ಗೆದ್ದರೆ ನಮಗೆ ಹೊಟ್ಟೆ ಉರಿ, ಅವರು ಸೋತರೆ ನಮ್ಮ ಹೊಟ್ಟೆ ತಣ್ಣಗೆ. ಬಳಸುವಾಗ ಒಂದು ಎಚ್ಚರಿಕೆ: ‘ನಿನ್ನ ಹೊಟ್ಟೆ ತಣ್ಣಗಿರಲಿ’ ಹಾರೈಕೆ, ‘ಈಗ ನಿನ್ನ ಹೊಟ್ಟೆ ತಣ್ಣಗಾಯ್ತಾ?’ ಬೈಗುಳ. ಇರು, ಆಗು ಎಂಬೆರಡು ಧಾತುಗಳಷ್ಟೇ ವ್ಯತ್ಯಾಸ. ನಿಮಗೆ ಬೇಕಾದ್ದು ಎರಡನೆಯದು.

ಇನ್ನು ಅಭಿಮಾನಿ ಬಾಯಿಬಿಟ್ಟು ಆಡುವ ಮಾತು: ‘ಅವರಿಗೆ ಹಂಗೇ ಆಗ್ಬೇಕು.’ ಧಾರವಾಡದ ಕಡೆ ‘ಛಲೋ ಆತ್ ಬಿಡು.’ ಇವನ್ನು ಉದ್ಧರಿಸುವಾಗ ತಿದ್ದಬಾರದು. ಸೋಲು ಆಗಿಹೋಗಿದೆಯಲ್ಲ ಎಂದು ‘ಹಂಗೇ ಆಗಬೇಕಿತ್ತು’ ಮಾಡಿದರೆ, ಆಗಬೇಕಾದ್ದು ಆಗಲಿಲ್ಲ ಎಂಬ ಅರ್ಥವೂ ನುಸುಳಿ ಖುಷಿ ಹೋಗಿ ಕೊರಗು ಬರಬಹುದು.

ಕೆಣಕುವ ಮಾತುಗಳನ್ನೂ ಒಂದರ ಜಾಗದಲ್ಲಿ ಇನ್ನೊಂದು ಹಾಕಲಾಗದು. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ‘ಮೂದಲೆ’ ಎಂದರೆ ಎದುರಿಗಿರುವವನನ್ನು ಕಾಳಗಕ್ಕೆ ಎಳೆಯುವ ಮಾತು. ಹಾಗಾಗಿ ಮೂದಲಿಸುವುದು ಪಂದ್ಯಕ್ಕೆ ಮುಂಚೆ ಚೆನ್ನ. ‘ಹಂಗಿಸು’ ಬಂದದ್ದು ಹಂಗಿನಿಂದ, ಹಳೆಯದನ್ನು ಎತ್ತಿ ಎತ್ತಿ ಆಡುವುದು. ಇದಕ್ಕೆ 2023ರ ಮಾರ್ಚ್ 3ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು, ಬ್ಲಾಸ್ಟರ್ಸ್ ನಡುವೆಯೇ ಪ್ಲೇಆಫ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಚೆಂಡು ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಎತ್ತಿಹಾಕಿದರು. ಅದು ಗೋಲೇ ಅಲ್ಲ ಎಂದು ಬ್ಲಾಸ್ಟರ್ಸ್ ಕೋಚ್ ಆಟಗಾರರನ್ನು ಮೈದಾನದಿಂದಲೇ ಕರೆದುಕೊಂಡು ಹೋದರು. 1–0ರಿಂದ ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಆಮೇಲೆ ಭಾರತೀಯ ಫುಟ್‌ಬಾಲ್ ಫೆಡರೇಷನ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ. ಆ ರಾತ್ರಿ ನಕ್ಕಿದ್ದು ಗೇಲಿ. ವರ್ಷ ಕಳೆದ ಮೇಲೂ ‘ಮೈದಾನ ಬಿಟ್ಟು ಹೋದವರು’ ಎನ್ನುವುದು ಹಂಗಿಸುವುದು.

ಬ್ಲಾಸ್ಟರ್ಸ್ ಕಡೆಯವರ ಹೊಟ್ಟೆ ತಣ್ಣಗಾಗಲು ಹದಿನೈದು ದಿನ ಹಿಡಿಯಿತು. ಮಾರ್ಚ್ 18ರ ಫೈನಲ್‌ನಲ್ಲಿ ಬೆಂಗಳೂರು ಎಟಿಕೆ ಮೋಹನ್ ಬಾಗನ್‌ಗೆ ಪೆನಾಲ್ಟಿಯಲ್ಲಿ ಸೋತಿತು.

ನೀವು ಹೇಳಿದ 2024ರ ಪ್ರಕರಣದಲ್ಲಿ ಇನ್ನೊಂದು ಎಳೆ ಇದೆ. ಆ ವರ್ಷ ಹನ್ನೆರಡು ತಂಡಗಳಲ್ಲಿ ಬೆಂಗಳೂರು ಹತ್ತನೆಯದು, ಪ್ಲೇಆಫ್ ತಲುಪಲಿಲ್ಲ. ತನ್ನ ಮನೆ ಮುಳುಗಿದ್ದರೂ ಪಕ್ಕದ ಮನೆ ಮುಳುಗಿದ್ದಕ್ಕೆ ನಗುವವನ ಬಗ್ಗೆ ನಮ್ಮವರು ಗಾದೆಯನ್ನೇ ಮಾಡಿಟ್ಟಿದ್ದಾರೆ: ‘ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಬೇಕು.’ ಅರ್ಥ ಕರಾರುವಾಕ್ಕು. ಶೀರ್ಷಿಕೆಗೆ ಮಾತ್ರ ಹಾಕಬೇಡಿ. ‘ಮುಂಡೆ’ ವಿಧವೆಯರನ್ನು ಬೈಯುವ ಪದ.

ಮತ್ತೊಬ್ಬರ ಉತ್ತರ:

ಮೇಲಿನವರು ಹೇಳಿದ್ದು ಒಪ್ಪಿಗೆ. ಎರಡು ಮಾತು ಸೇರಿಸುತ್ತೇನೆ. ‘ಕಾಲೆಳೆದರು’ ಎಂದು ಬರೆಯುವ ಆಸೆ ಬರಬಹುದು, ಫುಟ್‌ಬಾಲ್ ಬರಹದಲ್ಲಿ ಬೇಡ. ಫೌಲ್ ಅಂದುಕೊಳ್ಳುತ್ತಾರೆ! ‘ಕಿಚಾಯಿಸಿದರು’ ಹಗುರವಾಗಿ ಕೂರುತ್ತದೆ. ಬೇಕೆಂದೇ ರೇಗಿಸಿದ್ದಾದರೆ ‘ಉರಿಸಿದರು’.

ಲೇಖನದ ಒಳಗೆ ‘ಪ್ಲೇಆಫ್‌ನಲ್ಲಿ ಹಿನ್ನಡೆ’ ಎಂದಿದ್ದರೆ ಅದನ್ನೂ ತಿದ್ದಿಕೊಳ್ಳಿ. ಆ ಎರಡೂ ವರ್ಷ ಮೊದಲ ಎರಡು ಸ್ಥಾನದ ತಂಡಗಳು ನೇರ ಸೆಮಿಫೈನಲ್‌ಗೆ, ಮೂರರಿಂದ ಆರನೇ ಸ್ಥಾನದವಕ್ಕೆ ಒಂದೇ ಪಂದ್ಯದಲ್ಲಿ ತೀರ್ಮಾನ. ಸೋತವರಿಗೆ ಮರುಪಂದ್ಯವಿಲ್ಲ, ಆದ್ದರಿಂದ ‘ಹೊರಬಿತ್ತು’ ಎನ್ನಬೇಕು. ಎರಡು ಚರಣಗಳ, ಅಂದರೆ ಎರಡು ಪಂದ್ಯ ಸೇರಿ ತೀರ್ಮಾನವಾಗುವ ಸೆಮಿಫೈನಲ್‌ನ ಮೊದಲ ಚರಣದಲ್ಲಿ ಸೋತರೆ ಅದು ಹಿನ್ನಡೆ. ಬ್ಲಾಸ್ಟರ್ಸ್ ಅಭಿಮಾನಿ ಬಳಗ ‘ಮಂಞಪ್ಪಡ’ದ ಹೆಸರನ್ನು ‘ಮಂಜಪ್ಪ’ನ ಮನೆಯವರೆಂಬಂತೆ ಒಡೆಯಬೇಡಿ. ಮಂಞ ಎಂದರೆ ಮಲಯಾಳದಲ್ಲಿ ಹಳದಿ, ಪಡ ನಮ್ಮ ಪಡೆಯೇ. ಎರಡನ್ನೂ ಸೇರಿಸಿ ಒಟ್ಟಿಗೆ ಬರೆಯಿರಿ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ವಂದನೆ. ‘ಹೊರಬಿದ್ದ ಬದ್ಧವೈರಿ, ಬೆಂಗಳೂರಿನ ಹೊಟ್ಟೆ ತಣ್ಣಗೆ’ ಎಂದು ಮಾಡಿಕೊಂಡೆ. ‘ಹಿನ್ನಡೆ’ ಎರಡು ಕಡೆ ಇತ್ತು, ಎರಡನ್ನೂ ತೆಗೆದೆ.