ಬದುವಿನ ಮ್ಯಾಲಿನ ತಂಗಡಿ ಕಡೀಬೇಕೋ ಬಿಡಬೇಕೋ?

ಶಿರಹಟ್ಟಿ ರೈತ: ನಮ್ಮ ಹೊಲದ ಬದು ಪೂರ್ತಿ ತಂಗಡಿ ಬೆಳದೈತಿ, ಅದ ರೀ, ಹಳದಿ ಹೂವಿನ ಹೊನ್ನಾವರಿಕೆ. ದನಾನೂ ಮುಟ್ಟಂಗಿಲ್ಲ, ಟ್ರ್ಯಾಕ್ಟರ್ ಹೊಳ್ಳಾಕ ಅಡ್ಡ ಬರ್ತೈತಿ. ಈ ವಾರ ಜೆಸಿಬಿ ಹಚ್ಚಿ ಕೀಳಸ್ಬೇಕಂತೀನಿ, ಏನಂತೀರಿ?

ಬ್ಯಾಡಗಿ ಹುಡುಗ: ಕೀಳಬ್ಯಾಡ್ರಿ ಅಣ್ಣಾರ, ತಂಗಡಿ ಇದ್ದಲ್ಲಿ ಜೇನುತುಪ್ಪ ಜಾಸ್ತಿ ಸಿಗ್ತೈತಿ

ಧಾರವಾಡದ ಟೀಚರ್: ತಮ್ಮಾ, ಕೀಳಬಾರದು ಅನ್ನೋದು ಖರೆ, ಆದ್ರ ಕಾರಣ ಅದಲ್ಲ. ತಂಗಡಿ ಹೂವಿನ್ಯಾಗ ಮಕರಂದಾನ ಇಲ್ಲ, ಬರೇ ಪರಾಗ. ಅದೂ ಸುಮ್ನ ಉದುರೂದಿಲ್ಲ, ಕೇಸರದ ತುದಿಗೆ ಸಣ್ಣ ತೂತು ಇರ್ತಾವ, ಅದರಾಗಿಂದ ಬರಬೇಕು. ಕರೀ ಗುಂಗಿಹುಳ ಬಂದು ಹೂವನ್ನ ತಬ್ಬಿಕೊಂಡು ಮೈಯೆಲ್ಲಾ ನಡಗಸ್ತದ, ಗುಂಯ್ ಅನ್ನೋ ದನಿ ಒಮ್ಮೆಲೆ ಏರ್ತದ, ಆಗ ಪುಡಿ ಸಿಡೀತದ. ಜೇನುಹುಳಕ್ಕ ಹಿಂಗ ನಡಗಸಾಕ ಬರೂದಿಲ್ಲ. ಮುಂಜಾನೆ ಗಿಡದ ಹತ್ರ ಹತ್ತು ನಿಮಿಷ ನಿಂದ್ರಿ, ಕಿವಿಗೇ ಗೊತ್ತಾಗ್ತದ.

ಶಿರಹಟ್ಟಿ ರೈತ: ಗುಂಗಿ ತಗೊಂಡು ನಾ ಏನ್ಮಾಡ್ಲಿ ಅಕ್ಕಾರ, ಮನಿ ತೊಲಿ ಕೊರದು ತೂತು ಮಾಡೈತಿ ಅದು

ಧಾರವಾಡದ ಟೀಚರ್: ಬದ್ನಿ ಹಚ್ಚೀರೇನ್ರಿ?

ಶಿರಹಟ್ಟಿ ರೈತ: ಹತ್ತು ಗುಂಟೆ ಐತಿ

ಧಾರವಾಡದ ಟೀಚರ್: ಬದ್ನಿ ಹೂವಿನ ಕೇಸರಾನೂ ಹಂಗ ತುದೀಗೆ ತೂತಿಂದು. ಗಾಳಿಗೆ ಅಲುಗಿ ಒಂದಿಷ್ಟು ಕಾಯಿ ಕಟ್ತಾವ, ಗುಂಗಿ ನಡಗಿಸಿದ್ರ ಇನ್ನೂ ಚಲೋ ಹಿಡೀತಾವ. ಬದ್ನಿ ಹೂ ಇಲ್ಲದಾಗ ಆ ಹುಳ ಮರಿಗೆ ಏನ್ ತಿನ್ನಿಸಬೇಕು? ತಂಗಡಿ ಪರಾಗಾನ. ತನಗ ಮಕರಂದ ಬೇಕಂದ್ರ ಎಕ್ಕಿ ಹೂವಿಗೆ ಹೋಗ್ತದ, ಅದನ್ನೂ ನಾವು ಕಸ ಅಂತ ಕಡೀತೀವಿ.

ಗದಗಿನ ಮಗಳು: ನಮ್ಮವ್ವ ದೀಪಾವಳಿ ಪಾಡ್ಯಕ್ಕ ಸೆಗಣಿ ಪಾಂಡವರಿಗೆ ಇದೇ ಹೂ ಏರಿಸ್ತಿದ್ಲು, ಈಗ ನಮ್ಮ ಲೇಔಟಿನ್ಯಾಗ ಒಂದ್ ಗಿಡಾನೂ ಇಲ್ಲ, ಹೋದ್ಸಲ ಹೂವಿಗಂತ ಡಂಬಳ ರೋಡ್ ತನಕ ಹೋಗಿ ಬಂದ್ವಿ, ಭಾಳ ಸಂಕಟ ಆತು. ತೆಲಂಗಾಣದಾಗ ಇದನ್ನ ರಾಜ್ಯದ ಹೂವು ಮಾಡ್ಯಾರ್ರಿ. ಇದರ ಎಲಿ ಮ್ಯಾಲೆ ಚಿಟ್ಟಿನೂ ತತ್ತಿ ಇಡ್ತಾವ.

ಹಾವೇರಿ ಕೃಷಿಕ: ಎಲ್ಲಾ ಖರೆ, ಆದ್ರ ಬದು ಪೂರ್ತಿ ಪೊದಿ ಬಿಟ್ರ ಇಲಿ ಬಿಲ ತೋಡ್ತಾವ, ಕಾಳು ಹೋಗೋದು ರೈತಂದು, ಅದನ್ನೂ ಲೆಕ್ಕಕ್ಕ ತಗೋರಿ

ಧಾರವಾಡದ ಟೀಚರ್: ಒಪ್ತೀನ್ರಿ. ಟ್ರ್ಯಾಕ್ಟರ್ ಹೊಳ್ಳೋ ಮೂಲಿ ಅಷ್ಟ ಕಡೀರಿ, ಉಳಿದ ಗಿಡದ ಬುಡದಾಗಿನ ಪೊದಿ ಅಷ್ಟ ಸವರಿ, ಗಿಡ ಹಂಗ ಬಿಡ್ರಿ. ಹೂ ಇದ್ದಾಗ ಮುಂಜಾನೆ ಹುಳದ ಎಣ್ಣಿ (ಕೀಟನಾಶಕ) ಹೊಡೀಬ್ಯಾಡ್ರಿ.

ಶಿರಹಟ್ಟಿ ರೈತ: ಆತ್ರಿ, ಎರಡು ಮೂಲಿ ಕೈಲೇ ಕಡೀತೀನಿ, ಜೆಸಿಬಿಯವಗ ಬ್ಯಾಡಂತ ಹೇಳ್ತೀನಿ. ಒಂದ್ ಹಳೇ ಒಣ ತೊಲಿ ಬದುವಿನ ಮ್ಯಾಲೆ ಒಗದ್ರ ಗುಂಗಿ ಅಲ್ಲೇ ಗೂಡು ಮಾಡ್ತಾವೇನ್ರಿ?

ಧಾರವಾಡದ ಟೀಚರ್: ಮಾಡ್ತಾವ್ರಿ, ಒಣಗಿದ ಮೆತ್ತನ್ನ ಕಟ್ಟಿಗಿ ಅಂದ್ರ ಅವಕ್ಕ ಭಾಳ ಸೇರ್ತದ. ನೀರು ನಿಲ್ಲದಲ್ಲಿ ಇಡ್ರಿ.