ವಿಜಯಪುರದ ಬಿಸಿಲಲ್ಲಿ ಆರ್ಕಿಡ್: ಕುಂಡಕ್ಕೆ ಏನು ತುಂಬಬೇಕು?

ಪ್ರಶ್ನೆ: ನಾವು ವಿಜಯಪುರದವರು. ಮನೆಗೆ ಎರಡು ಆರ್ಕಿಡ್ ಗಿಡ ಬಂದಿವೆ, ಒಂದು ಫೆಲನಾಪ್ಸಿಸ್, ಒಂದು ಡೆಂಡ್ರೋಬಿಯಂ. ಕುಂಡಕ್ಕೆ ಬರೀ ಇದ್ದಿಲು ಹಾಕಿ ಅಂತ ಒಬ್ಬರು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಅಂತ ಇನ್ನೊಬ್ಬರು. ನಮ್ಮ ಬಿಸಿಲಿಗೆ ಯಾವುದು ಸರಿ? ಬೋರ್ ನೀರು ನಡೆಯುತ್ತಾ? ಬೆಳೆಸಿದವರು ದಯವಿಟ್ಟು ಹೇಳಿ.

ವಿಜಯಪುರದಿಂದ:
ಮೊದಲು ಮಣ್ಣಿನ ಯೋಚನೆ ಬಿಡಿ. ಇವು ಕಾಡಲ್ಲಿ ಮರದ ತೊಗಟೆ ಹಿಡಿದು ಬೆಳೆಯುವ ಗಿಡಗಳು. ಬೇರಿನ ಮೇಲೆ ಬಿಳಿಚಿದ ಪದರ ಇರುತ್ತದಲ್ವಾ, ಅದು ನೀರು ಹೀರಿಕೊಳ್ಳುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ಗಾಳಿ ಸಿಗದಿದ್ದರೆ ಬೇರು ಕೊಳೆಯುತ್ತದೆ. ಎರೆಮಣ್ಣಂತೂ ಬೇಡವೇ ಬೇಡ. ಕೋಕೋಪೀಟ್ ಪುಡಿಯೂ ಬೇಡ, ನೀರು ಕುಡಿದು ಮುದ್ದೆಯಾಗುತ್ತದೆ.

ಬರೀ ಇದ್ದಿಲು ಅನ್ನೋದು ಗಾಳಿಯಲ್ಲಿ ತೇವ ಇರುವ ಊರಿನವರ ಮಾತು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೇ ಇರೋದಿಲ್ಲ. ಹಾಗಾಗಿ ನಾನು ಡೆಂಡ್ರೋಬಿಯಂಗೆ ಅರ್ಧ ಭಾಗ ಒಣ ತೆಂಗಿನ ಸಿಪ್ಪೆಯ ತುಂಡು, ಉಳಿದರ್ಧ ಇದ್ದಿಲು ಮತ್ತು ಇಟ್ಟಿಗೆ ಚೂರು ಹಾಕುತ್ತೇನೆ. ತುಂಡು ಹೆಬ್ಬೆರಳಿನ ಗಾತ್ರ ಇರಲಿ. ಫೆಲನಾಪ್ಸಿಸ್‌ಗೆ ಸಿಪ್ಪೆ ಇನ್ನೂ ಸ್ವಲ್ಪ ಜಾಸ್ತಿ, ತುಂಡು ಚಿಕ್ಕದು. ಬೇಸಿಗೆಯಲ್ಲಿ ಮೇಲೆ ತೆಳ್ಳಗೆ, ನೀರು ಹಿಡಿದಿಡುವ ಸ್ಫ್ಯಾಗ್ನಂ ಪಾಚಿ ಹರಡಬಹುದು, ಎಲೆಯ ಬುಡಕ್ಕೆ ಮಾತ್ರ ತಾಗಿಸಬೇಡಿ.

ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ನೆನೆಸಿ, ಕೆಂಪು ನೀರು ಚೆಲ್ಲಿ, ಮತ್ತೆ ನೆನೆಸಿ. ನೀರು ತಿಳಿಯಾಗುವವರೆಗೂ ಹೀಗೆ ಮಾಡಿ. ಇದ್ದಿಲು ಕಟ್ಟಿಗೆಯದ್ದೇ ಆಗಿರಬೇಕು, ಇಸ್ತ್ರಿಯವರ ಹತ್ತಿರ ಸಿಗುತ್ತದೆ. ಪುಡಿ ಜರಡಿ ಹಿಡಿದು ತೆಗೆಯಿರಿ. ಇದನ್ನು ಸೋಮಾರಿತನದಿಂದ ಬಿಟ್ಟರೆ ಆ ಪುಡಿಯೆಲ್ಲ ತಳಕ್ಕಿಳಿದು ತೂತು ಮುಚ್ಚುತ್ತದೆ.

ಬೆಳಗಾವಿಯಿಂದ:
ಮೇಲಿನ ಅಳತೆ ವಿಜಯಪುರಕ್ಕೆ ಸರಿ, ನಮ್ಮೂರಿಗೆ ಆಗಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ ಮಳೆ, ಬಿಸಿಲೇ ಕಾಣದ ದಿನಗಳೂ ಉಂಟು. ಸಿಪ್ಪೆ ಜಾಸ್ತಿ ಇದ್ದರೆ ಒಣಗುವುದೇ ಇಲ್ಲ. ನಾನು ಮುಕ್ಕಾಲು ಭಾಗ ಇದ್ದಿಲು ಮತ್ತು ಹೆಂಚಿನ ಚೂರು ಹಾಕಿ, ಸಿಪ್ಪೆ ಒಂದೆರಡು ಹಿಡಿ ಸೇರಿಸುತ್ತೇನೆ. ವಾಂಡಾ ಅನ್ನೋ ಆರ್ಕಿಡ್‌ಗೆ ಅದೂ ಬೇಡ, ಬುಟ್ಟಿಯಲ್ಲಿ ನಾಲ್ಕು ಇದ್ದಿಲು ತುಂಡು ಸಾಕು.

ಇನ್ನೊಂದು ಮಾತು. ಖಾನಾಪುರದ ಕಾಡಲ್ಲಿ ಸೀತಾಳೆ ದಂಡೆ ಅನ್ನೋ ಕಾಡು ಆರ್ಕಿಡ್ ಹೂ ಬಿಟ್ಟಾಗ ಕೆಲವರು ಗಿಡವನ್ನೇ ಕಿತ್ತು ತರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದು ಅಲ್ಲೇ ಇರಲಿ. ಆದರೆ ಅದರ ಬೇರನ್ನು ಒಮ್ಮೆ ಹತ್ತಿರದಿಂದ ನೋಡಿ ಬನ್ನಿ. ಕುಂಡದಲ್ಲಿ ಎಷ್ಟು ಗಾಳಿ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಗಲಕೋಟೆಯಿಂದ:
ನೀರಿನ ಬಗ್ಗೆ ಹೇಳುತ್ತೇನೆ. ಬೋರ್ ನೀರು ಗಡಸು ಇದ್ದರೆ ಇದ್ದಿಲಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಬೇರಿನ ತುದಿ ಸುಡುತ್ತದೆ. ಮಳೆ ನೀರು ಹಿಡಿದಿಟ್ಟುಕೊಳ್ಳಿ. ಆರ್‌ಓ ಫಿಲ್ಟರಿನ ಶುದ್ಧ ನೀರೂ ಒಳ್ಳೆಯದು, ಆದರೆ ಪೈಪಿನಿಂದ ಹೊರಗೆ ಹೋಗುವ ನೀರನ್ನು ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಬೋರ್ ನೀರೇ ಗತಿ ಅಂದರೆ, ತಿಂಗಳಿಗೊಮ್ಮೆಯಾದರೂ ಮಳೆ ನೀರನ್ನೋ ಶುದ್ಧ ನೀರನ್ನೋ ಧಾರಾಳವಾಗಿ ಸುರಿದು ಕುಂಡ ತೊಳೆಯಿರಿ.

ವಿಜಯಪುರದಿಂದ, ಮತ್ತೊಬ್ಬರು:
ಅಂಗಡಿಯಿಂದ ಬಂದ ಗಿಡದ ಬೇರಿನ ನಡುವೆ ಪಾಚಿಯ ಒಂದು ಗಟ್ಟಿ ಉಂಡೆ ಇರುತ್ತದೆ. ಅದನ್ನು ಹಾಗೇ ಬಿಟ್ಟು ಸುತ್ತ ಎಷ್ಟು ಒಳ್ಳೆಯ ಮಿಶ್ರಣ ಹಾಕಿದರೂ ಒಳಗಡೆ ಒದ್ದೆಯೇ ಇರುತ್ತದೆ. ನೆನೆಸಿ ಮೆಲ್ಲಗೆ ಬಿಡಿಸಿ. ಮೆತ್ತಗಾದ, ಕಂದು ಬೇರು ಕತ್ತರಿಸಿ. ಕುಂಡ ದೊಡ್ಡದು ಬೇಡ, ಬೇರು ಹಿಡಿಸುವಷ್ಟಿದ್ದರೆ ಸಾಕು, ಪಕ್ಕದಲ್ಲೂ ತೂತು ಇರಲಿ. ನೀರು ಯಾವಾಗ ಅಂದರೆ, ಬೇರು ಹಸಿರಾಗಿದ್ದರೆ ಬೇಡ, ಬೆಳ್ಳಗಾಗಿದ್ದರೆ ಹಾಕಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಫೆಲನಾಪ್ಸಿಸ್‌ನಲ್ಲಿ ಈಗ ಹೂ ಇದೆ, ಈಗಲೇ ಕುಂಡ ಬದಲಿಸಲಾ?

ವಿಜಯಪುರದಿಂದ:
ಬೇಡ, ಹೂ ಉದುರಲಿ. ಡೆಂಡ್ರೋಬಿಯಂನಲ್ಲಿ ಹೊಸ ಚಿಗುರಿನ ಬುಡದಿಂದ ಬೇರು ಇಣುಕಿದಾಗ ಬದಲಿಸಿ, ಬೇಗ ಹಿಡಿಯುತ್ತದೆ. ಕಡ್ಡಿ ಕಟ್ಟಿ ಅಲುಗಾಡದಂತೆ ನಿಲ್ಲಿಸಿ. ಸಿಪ್ಪೆ ಎರಡು ವರ್ಷಕ್ಕೆ ಮೆತ್ತಗಾಗುತ್ತದೆ, ಆಗ ಅದನ್ನು ತೆಗೆದು ಹೊಸದು ಹಾಕಿ. ಇಟ್ಟಿಗೆ ಚೂರನ್ನು ತೊಳೆದು ಕುದಿಸಿ ಮತ್ತೆ ಬಳಸಬಹುದು.